ಕದ್ದೋನಿಗಿಂತ ಮೊದ್ಲು ಕೊಂಡೋನ್ನ ಕೇಳ್ಬೇಕು

ನಾನು ಹುಟ್ಟಿ ಬೆಳೆದಿದ್ದು ಚಿತ್ರದುರ್ಗ, ಈಗಿರೋದು ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಶೈರ್ ಕಡೆ ಹ್ಯಾಲಿಫ್ಯಾಕ್ಸ್ ಅನ್ನೋ ಊರಲ್ಲಿ. ಎರಡೂ ಕಲ್ಲಿನ ಊರೇ. ಅಲ್ಲಿ ಜೋಗಿಮಟ್ಟಿ ಕಡೆ ತಿರುಗಿ ನಿಂತ್ರೆ ಕಣ್ಣಿಗೆ ಬೀಳೋದೆಲ್ಲ ಬಂಡೆ, ಇಲ್ಲಿ ಮನೆ, ಫುಟ್‌ಪಾತು, ಹೊಲದ ಬದು ಎಲ್ಲಾ ಮರಳುಗಲ್ಲು. ಎರಡೂ ಕಡೆ ನಮ್ಮನೆ ಕೈತೋಟದ ಗೋಡೆ ಕಲ್ಲು ಕಳುವಾಗಿದಾವೆ, ಒಂದ್ಸಲ ಆಗಿ ಸುಮ್ನಾಗಿದ್ರೆ ಬರೀತಾನೇ ಇರ್ಲಿಲ್ಲ, ಮತ್ತೆ ಮತ್ತೆ ಆಗಿದೆ. ಹಂಗಾಗಿ ಅಲ್ಲಿನೋರು ಇದನ್ನ ಹೆಂಗೆ ನೋಡ್ತಾರೆ, ಇಲ್ಲಿನೋರು ಹೆಂಗೆ ನೋಡ್ತಾರೆ ಅಂತ ಹತ್ತಿರದಿಂದ ಕಂಡಿದೀನಿ.

ದುರ್ಗದಲ್ಲಿ ಯಾರ ಹತ್ರ ಹೇಳಿದ್ರೂ ಬರೋ ಮೊದಲ ಮಾತು ಒಂದೇ, "ಕಲ್ಲು ತಾನೆ, ಹೋಗ್ಲಿ ಬಿಡ್ರೀ". ಬಂಗಾರ ಹೋಗಿಲ್ವಲ್ಲ, ಬೈಕ್ ಹೋಗಿಲ್ವಲ್ಲ ಅಂತ ಸಮಾಧಾನ ಮಾಡ್ತಾರೆ. ಆದ್ರೆ ಆ ಗೋಡೆ ಕಲ್ಲು ಕ್ವಾರಿಯಿಂದ ಲೋಡ್‌ಗಟ್ಲೆ ಬಂದ ಸೈಜುಗಲ್ಲಲ್ಲ. ಹೊಳಲ್ಕೆರೆ ಕಡೆ ಹಳ್ಳಿಲಿದ್ದ ನಮ್ಮಜ್ಜನ ಮನೆ ಬಿಚ್ಚಿದಾಗ ಅಪ್ಪಾಜಿ ಟ್ರ್ಯಾಕ್ಟರ್‌ನಾಗೆ ಹೇರ್ಕೊಂಡು ಬಂದಿದ್ದು. ಒಂದೊಂದ್ರ ಮುಖದ ಮೇಲೂ ಉಳಿ ಏಟಿನ ಗೆರೆ ಸಾಲಾಗಿ ಕಾಣ್ತವೆ, ಒಂದು ಕಲ್ಲಲ್ಲಿ ಕರು ಕಟ್ಟೋಕೆ ಕೊರೆದ ತೂತೂ ಇತ್ತು. ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಸಂದಿಗೆ ಚಕ್ಕೆ ಬಡಿದು ಕಟ್ಟಿದ ಗೋಡೆ. ನಮ್ಮ ಕೋಟೆ ಗೋಡೆ ನೋಡಿದೋರಿಗೆ ಈ ಕೆಲಸ ಗೊತ್ತಿರುತ್ತೆ, ಅಷ್ಟು ದೊಡ್ಡ ದೊಡ್ಡ ಕಲ್ಲು ಬರೀ ತೂಕದ ಮೇಲೆ, ಒಂದಕ್ಕೊಂದು ಕಚ್ಚಿಕೊಂಡು ನಿಂತಿರೋದು. ಯಾರ್ಕ್‌ಶೈರ್ ಗುಡ್ಡಗಳಲ್ಲಿ ಕುರಿ ಹೊಲಗಳ ಸುತ್ತ ಮೈಲಿಗಟ್ಲೆ ಓಡೋ ಗೋಡೆಗಳನ್ನೂ ಹಿಂಗೇ ಕಟ್ಟಿರೋದು, ಮೊದಲ ಸಲ ನೋಡಿದಾಗ ನಂಗೆ ಊರೇ ನೆನಪಾಯ್ತು. ಇಂಥ ಗೋಡೆ ಮಳೆ ಬಿಸಿಲಿಗೆ ಜಗ್ಗಲ್ಲ, ಆದ್ರೆ ರಾತ್ರಿ ಇಬ್ಬರು ಬಂದು ಹಾರೆ ಹಾಕಿದ್ರೆ ಮೇಲಿನ ವರಸೆ ಸದ್ದಿಲ್ಲದೆ ಬಿಡಿಸಿಕೊಂಡು ಹೋಗ್ಬೋದು, ಅದೇ ಇದರ ತೊಂದ್ರೆ.

ಹಂಗೇ ಆಗಿದ್ದು. ಅವ್ವ ಒಬ್ಬಳೇ ಇರೋ ಮನೆ, ಬೆಳಿಗ್ಗೆ ಎದ್ದು ಹೂವಿಗೆ ಹೋದಾಗ ಮೂಲೆ ಕಡೆ ಗೋಡೆ ಗಿಡ್ಡ ಆಗಿರೋದು, ಕೆಳಗೆ ಚಕ್ಕೆ ಉದುರಿ ಬಿದ್ದಿರೋದು ಕಂಡಿದೆ. ಸ್ವಲ್ಪ ದಿನ ಬಿಟ್ಟು ಇನ್ನೊಂದು ವರಸೆ. ಮಳೆಗಾಲದಲ್ಲಿ ಮತ್ತೆ. ಒಂದೇ ಸಲಕ್ಕೆ ಹೊತ್ಕೊಂಡು ಹೋಗಿದ್ರೆ ಬೀದಿ ಎದ್ದು ಕೂರ್ತಿತ್ತು, ಸ್ವಲ್ಪ ಸ್ವಲ್ಪ ಒಯ್ದಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಲ್ಲಿನ ಕಥೆನೂ ಕೇಳಿ. ನಮ್ಮ ಮನೆ ಮುಂದೆ ಸೊಂಟದೆತ್ತರದ ಗೋಡೆ, ಅದರ ತಲೆ ಮೇಲೆ ಅರ್ಧ ಉರುಳೆ ಥರ ಕೆತ್ತಿದ ಕಲ್ಲು ಸಾಲಾಗಿ ಕೂರಿಸಿರ್ತಾರೆ, ಕೋಪಿಂಗ್ ಅಂತಾರೆ. ಈ ಕಡೆ ಹಿಂದೆ ಬಟ್ಟೆ ಗಿರಣಿಗಳು ತುಂಬಾ ಇದ್ವು, ಆ ಕಲ್ಲಿದ್ದಲ ಹೊಗೆ ಕೂತು ಕೂತು ಹಳೇ ಕಲ್ಲೆಲ್ಲ ಕಪ್ಪಾಗಿದಾವೆ. ಅಸಲಿ ಬಣ್ಣ ಜೇನುತುಪ್ಪದ್ದು. ಕಳ್ಳರು ಕೋಪಿಂಗ್ ಎತ್ಕೊಂಡು ಹೋದ್ರೆ ಕಪ್ಪು ಗೋಡೆ ಮೇಲೆ ಹಳದಿ ಪಟ್ಟಿ ಕಾಣುತ್ತೆ, ದೂರದಿಂದಲೇ ಗೊತ್ತಾಗುತ್ತೆ. ಆ ಕಪ್ಪಿಗೇ ಬೆಲೆ ಇರೋದು, ಯಾಕಂದ್ರೆ ಹಳೇ ಮನೆ ರಿಪೇರಿಗೆ ಹೊಸ ಕಲ್ಲು ಹಾಕಿದ್ರೆ ಹೊಂದಲ್ಲ. ಫುಟ್‌ಪಾತಿಗೆ ಹಾಸಿರೋ ಯಾರ್ಕ್ ಕಲ್ಲಿನ ಚಪ್ಪಡಿಗೂ ಇದೇ ಗತಿ. ಹಗಲು ಹೊತ್ತಲ್ಲೇ ಹಳದಿ ಜಾಕೆಟ್ ಹಾಕ್ಕೊಂಡು, ರೋಡಿಗೆ ಕೋನ್ ಇಟ್ಟು, ಬಿಳಿ ವ್ಯಾನ್ ನಿಲ್ಸಿ ಕಿತ್ತುಕೊಂಡು ಹೋಗಿರೋದೂ ಉಂಟು, ಹೋಗಿ ಬರೋರೆಲ್ಲ ಕೌನ್ಸಿಲ್ (ನಮ್ಮ ನಗರಸಭೆ ಥರ) ಕೆಲಸದೋರು ಅಂದ್ಕೊಂಡು ಸುಮ್ನೆ ದಾಟಿ ಹೋಗ್ತಾರೆ. ಯಾರಪ್ಪಾ ನೀವು ಅಂತ ಕೇಳೋ ಪದ್ಧತಿ ಇಲ್ಲಿಲ್ಲ.

ಈ ವಿಷಯದಲ್ಲಿ ದುರ್ಗನೇ ಮೇಲು ಅಂತ ನಂಗೆ ಅನ್ಸುತ್ತೆ, ಅಭಿಮಾನಕ್ಕೆ ಹೇಳ್ತಿಲ್ಲ. ನಮ್ಮ ಬೀದಿ ಕೊನೇ ಮನೆ ಅಜ್ಜಿ ಜಗಲಿ ಮೇಲೆ ಕೂತಿದ್ರೆ ಯಾವ ಗಾಡಿನೂ ಸುಮ್ನೆ ಒಳಗೆ ಬರಂಗಿಲ್ಲ, "ಯಾರ್ ಮನೀಗಪ್ಪಾ, ಏನ್ ಲೋಡು" ಅಂತ ಕೇಳೇ ಕೇಳ್ತಾರೆ. ಹಗಲಲ್ಲಿ ಒಂದು ಕಲ್ಲೂ ಹೋಗಿಲ್ಲ ಅಂದ್ರೆ ಅದಕ್ಕೆ ಆ ಅಜ್ಜಿನೇ ಕಾರಣ.

ಆದ್ರೆ ಅದೇ ಬೀದಿಯ ಇನ್ನೊಂದು ನಡವಳಿಕೆಯಿಂದ ನಂಗೆ ತುಂಬಾ ನೋವಾಯ್ತು. ಕಲ್ಲು ಹೋಯ್ತು ಅಂದ ತಕ್ಷಣ ನಾಲ್ಕು ಜನ ಬೆರಳು ತೋರ್ಸಿದ್ದು ಕಲ್ಲು ಕೆಲಸ ಮಾಡೋರ ಕಾಲೊನಿ ಕಡೆಗೆ. ನೋಡಿದೋರಿಲ್ಲ, ಸಾಕ್ಷಿ ಇಲ್ಲ, ಕಲ್ಲು ಒಡೆಯೋರು ಅವರು ಅಷ್ಟೆ. ಅಲ್ಲಿಗೆ ಹೋಗಿ ಗಲಾಟೆ ಮಾಡಣ ಅಂತ ಹುಡುಗರು ಹೊರಟೇ ಬಿಟ್ಟಿದ್ರು, ಅವ್ವ ಗೇಟಿಗೆ ಅಡ್ಡ ನಿಂತು ಬೈದು ವಾಪಸ್ ಕಳಿಸಿದ್ಳು. ಆಮೇಲೆ ಗೋಡೆ ಸರಿ ಮಾಡೋಕೆ ಅದೇ ಕಾಲೊನಿಯ ಹಿರಿಯ ಮೇಸ್ತ್ರಿ ಬಂದ್ರು, ನಾನೂ ರಜಕ್ಕೆ ಬಂದಿದ್ದೆ. ಅವರು ಗೋಡೆ ಮುಟ್ಟೋಕೆ ಮುಂಚೆ ಕೂತು ನೋಡಿದ್ರು, ಉಳಿದ ಕಲ್ಲಿನ ಅಂಚು ತೋರ್ಸಿ, "ನೋಡ್ರೀ ಸ್ವಾಮಿ, ಇಲ್ಲಿ ಹಾರೆ ಸಿಗ್ಸಿ ಅಂಚೆಲ್ಲ ಒಡ್ದವ್ರೆ. ಕೈಕೆಲಸ ಗೊತ್ತಿರೋನು ಮೊದ್ಲು ಚಕ್ಕೆ ತೆಗೀತಾನೆ, ಆಮೇಲೆ ಕಲ್ಲು ತಾನಾಗೇ ಕೈಗೆ ಬರ್ತತೆ. ಇದು ಕಲ್ಲು ಗೊತ್ತಿಲ್ದೋನ ಕೆಲ್ಸ" ಅಂದ್ರು. ಆ ಒಡೆದ ಅಂಚನ್ನ ನಾನೂ ಕೈಯಾಡಿಸಿ ನೋಡಿದೆ, ಹೊಸ ಒಡಕು ಬೆಳ್ಳಗೆ ಚೂಪಾಗಿತ್ತು. ಬೆರಳು ತೋರ್ಸಿದೋರು ಯಾರೂ ಆ ಗೋಡೆ ಹತ್ರ ಬಂದು ಬಗ್ಗಿ ನೋಡಿರ್ಲಿಲ್ಲ.

ಇನ್ನು ಇಲ್ಲಿನೋರ ಹತ್ರ ಏನು ಕಲೀಬೋದು ಅಂದ್ರೆ ಬರೆದಿಡೋದು. ಇಲ್ಲಿ 101 ಅಂತ ಒಂದು ನಂಬರ್ ಇದೆ, ತುರ್ತಲ್ಲದ ದೂರಿಗೆ, ಫೋನ್ ಮಾಡಿದ್ರೆ ಕ್ರೈಮ್ ರೆಫರೆನ್ಸ್ ನಂಬರ್ ಕೊಡ್ತಾರೆ. ಪೊಲೀಸರು ಬಂದು ನೋಡ್ತಾರೆ ಅಂತ ಕಾಯ್ಬೇಡಿ, ಒಂದು ಕೋಪಿಂಗ್ ಕಲ್ಲಿಗೆ ನಮ್ಮನೆಗಂತೂ ಯಾರೂ ಬರ್ಲಿಲ್ಲ, ಅದು ಬೇಜಾರೇ. ಆದ್ರೂ ಅಕ್ಕಪಕ್ಕದೋರೆಲ್ಲ ಪ್ರತಿ ಸಲ ಫೋನ್ ಮಾಡ್ತಾರೆ, ಯಾಕಂದ್ರೆ ಹತ್ತು ಮನೆ ದೂರು ಒಂದೇ ಕಡೆ ಸೇರಿದ್ರೆ ಆ ಏರಿಯಾದಲ್ಲಿ ಗ್ಯಾಂಗ್ ಓಡಾಡ್ತಿದೆ ಅಂತ ಕಾಗದದ ಮೇಲೆ ಕಾಣುತ್ತೆ. ಕಲ್ಲಿಗೆ ಹಚ್ಚೋಕೆ ಸ್ಮಾರ್ಟ್‌ವಾಟರ್ ಅಂತ ಒಂದು ದ್ರವ ಸಿಗುತ್ತೆ, ಬರಿಗಣ್ಣಿಗೆ ಕಾಣಲ್ಲ, ಯುವಿ ಲೈಟ್ ಬಿಟ್ರೆ ಹೊಳೆಯುತ್ತೆ, ಯಾರ ಹೆಸರಿಗೆ ರಿಜಿಸ್ಟರ್ ಆಗಿದೆ ಅಂತ ಪತ್ತೆ ಮಾಡ್ಬೋದು.

ಅದಕ್ಕಿಂತ ದೊಡ್ಡದು ಕೊಳ್ಳೋನ ಕಡೆಯಿಂದ ಹಿಡಿಯೋದು. ಇಂಗ್ಲೆಂಡಿನ 1968ರ ಥೆಫ್ಟ್ ಆ್ಯಕ್ಟ್ ನೋಡಿ, ಕದ್ದೋನಿಗೆ ಹೆಚ್ಚಂದ್ರೆ 7 ವರ್ಷ, ಕದ್ದ ಮಾಲು ಅಂತ ಗೊತ್ತಿದ್ದೂ ತಗೊಂಡು ಸಾಗಿಸೋನಿಗೆ ಹೆಚ್ಚಂದ್ರೆ 14 ವರ್ಷ. ಎರಡರಷ್ಟು! ಕೊಳ್ಳೋನಿಲ್ಲದೆ ಕಳ್ಳ ಇಲ್ಲ ಅನ್ನೋದನ್ನ ಕಾನೂನೇ ಒಪ್ಕೊಂಡಂಗೆ. ಚರ್ಚ್ ಚಾವಣಿಯಿಂದ ಸೀಸ, ರೈಲ್ವೆ ಕೇಬಲ್ಲಿನ ತಾಮ್ರ ವಿಪರೀತ ಕಳುವಾಗ್ತಿದ್ದಾಗ 2013ರಲ್ಲಿ ಗುಜರಿ ಲೋಹದ ವ್ಯಾಪಾರಕ್ಕೇ ಕಾನೂನು ತಂದ್ರು, ಕ್ಯಾಶ್ ಕೊಟ್ಟು ಕೊಳ್ಳಂಗಿಲ್ಲ, ಮಾರೋಕೆ ಬಂದೋನ ಗುರುತು ನೋಡಿ ಬರ್ಕೋಬೇಕು. ಕಲ್ಲಿಗೆ ಆ ಕಾನೂನು ಬರಲ್ಲ, ಬರಬೇಕಿತ್ತು. ಆದ್ರೆ ಹಳೇ ಕಟ್ಟಡ ಸಾಮಾನು ಮಾರೋ ವ್ಯಾಪಾರಿಗಳಲ್ಲಿ ಸಾಲ್ವೋ ಕೋಡ್ ಅಂತ ಒಂದು ನಿಯಮ ಇದೆ, ಅದಕ್ಕೆ ಸಹಿ ಹಾಕಿದೋರು ಅನುಮಾನದ ಮಾಲು ಕೊಳ್ಳಲ್ಲ, ಮಾರೋನ ಗುರುತು, ಗಾಡಿ ನಂಬರು ಬರೆದಿಡ್ತೀವಿ ಅಂತ ಒಪ್ಪಿರ್ತಾರೆ.

ನಮ್ಮಲ್ಲಿ? ಕ್ವಾರಿ ಕಲ್ಲು ಸಾಗಿಸೋ ಗಾಡಿಗೆ ಗಣಿ ಇಲಾಖೆ ಪರ್ಮಿಟ್ ಬೇಕು, ತಪಾಸಣೆಲಿ ಹಿಡಿದ್ರೆ ಅದನ್ನ ಕೇಳ್ತಾರೆ. ಅದು ಸರ್ಕಾರದ ರಾಜಧನದ ಲೆಕ್ಕ. ಯಾರ ಮನೆ ಗೋಡೆ ಕಲ್ಲು ಅಂತ ಯಾರೂ ಕೇಳಲ್ಲ.

ಕಾನೂನು ಇಲ್ಲ ಅಂತಲ್ಲ. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಸೆಕ್ಷನ್, ಕದ್ದ ಮಾಲು ತಗೊಳ್ಳೋದಕ್ಕೆ 317. ಇದರಲ್ಲಿ ಒಂದು ವಿಷಯ ಪ್ರತಿಯೊಬ್ರೂ ತಿಳ್ಕೊಂಡಿರ್ಬೇಕು. ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ, ಕದ್ದೋನಿಗೆ ಅದು ಮೊದಲ ಸಲ, ಮಾಲೋ ಅದರ ಬೆಲೆನೋ ವಾಪಸ್ ಕೊಟ್ಟ ಅಂದ್ರೆ ಶಿಕ್ಷೆ ಸಮುದಾಯ ಸೇವೆ, ಮತ್ತೆ ಅಂಥ ಕೇಸು ಅಸಂಜ್ಞೇಯ, ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡೋಕೆ ಬರಲ್ಲ. ಹಂಗಾಗಿ ಸ್ಟೇಷನ್ನಿಗೆ ಹೋಗಿ "ಒಂದಿಷ್ಟು ಕಲ್ಲು ಹೋಗಿದಾವೆ ಸಾರ್" ಅಂದ್ರೆ ಕೆಲಸ ಅಲ್ಲಿಗೇ ಮುಗೀತು. ಅವ್ವ ಹೋದಾಗ ಆಗಿದ್ದೂ ಅದೇ, ಕೂರ್ಸಿ ನೀರು ಕೊಟ್ಟು, "ಅಮ್ಮಾ, ಗೋಡೆ ಎತ್ತರ ಮಾಡ್ಸಿ" ಅಂತ ಹೇಳಿ ಕಳಿಸಿದ್ರು. ಎರಡನೇ ಸಲ ಮೇಸ್ತ್ರಿ ಹತ್ರ ಅಂದಾಜು ಬರೆಸ್ಕೊಂಡು ಹೋದ್ವಿ: ಎಷ್ಟು ಕಲ್ಲು, ಉದ್ದ ಅಗಲ, ಇವತ್ತು ಅಂಥದ್ದನ್ನ ಕೈಯಲ್ಲಿ ಕಡಿಸಿದ್ರೆ ಕೂಲಿ ಎಷ್ಟು, ಸಾಗಾಣಿಕೆ ಎಷ್ಟು. ಕಲ್ಲಿಗಿಂತ ಕೂಲಿನೇ ಜಾಸ್ತಿ, 5,000 ಎಲ್ಲೋ ಹಿಂದೆ ಉಳೀತು. ಹಳೇ ಫ್ಯಾಮಿಲಿ ಫೋಟೋಗಳಲ್ಲಿ ಹಿಂದೆ ಗೋಡೆ ಕಾಣೋವನ್ನ ಹುಡುಕಿ ಪ್ರಿಂಟ್ ಹಾಕ್ಸಿ ಲಗತ್ತಿಸಿದ್ವಿ, ಮಾಲು ನಮ್ಮದೇ ಅನ್ನೋದಕ್ಕೆ ಬೇರೆ ಏನಿದೆ? ಆಗ ಎಫ್‌ಐಆರ್ ಆಯ್ತು. ಅದರ ಪ್ರತಿ ದೂರು ಕೊಟ್ಟೋರಿಗೆ ಪುಕ್ಕಟೆ ಕೊಡ್ಬೇಕು, ಕೇಳಿ ಇಸ್ಕೊಳ್ಳಿ. ನನ್ನಂಗೆ ಹೊರಗಿರೋರಿಗೆ ಇನ್ನೊಂದು, ಹೊಸ ನಾಗರಿಕ ಸುರಕ್ಷಾ ಸಂಹಿತೆ (ದೂರು, ತನಿಖೆ, ವಿಚಾರಣೆ ಹೆಂಗೆ ಅಂತ ಹೇಳೋ ಕಾನೂನು), ಅದರ 173ನೇ ಸೆಕ್ಷನ್ ಪ್ರಕಾರ ಇಮೇಲ್ ಥರ ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸ್ಬೋದು, ಆದ್ರೆ ಮೂರು ದಿನದೊಳಗೆ ಕಳಿಸಿದೋರೇ ಸಹಿ ಹಾಕ್ಬೇಕು, ಅದಕ್ಕೇ ಊರಲ್ಲಿರೋರ ಹೆಸರಲ್ಲೇ ಕಳ್ಸೋದು ಒಳ್ಳೇದು.

ಗೋಡೆಗೆ ಮಾಡಿದ್ದು ಹೆಚ್ಚೇನಲ್ಲ. ಗಾಜಿನ ಚೂರು ನೆಡೋದು, ತಂತಿ ಸುತ್ತೋದು ಅವ್ವಂಗೂ ಬೇಡ ನಂಗೂ ಬೇಡ, ಆ ಸಂದಿಲಿ ಓತಿಕ್ಯಾತ, ಅಳಿಲು ಓಡಾಡ್ತಿರ್ತವೆ, ಪಕ್ಕದ ಮನೆ ಮಕ್ಕಳು ಹತ್ತಿ ಕೂರ್ತಾರೆ. ಮೇಲಿನ ವರಸೆಗೆ ಮಾತ್ರ ಕಂಬಿ ತೂರ್ಸಿ ಕೆಳಗಿನ ಕಲ್ಲಿಗೆ ಸೇರಿಸಿ ಕಾಂಕ್ರೀಟ್ ಹಾಕಿದ್ವಿ, ಕೆಳಗೆ ಹಂಗೇ ಬಿಟ್ವಿ, ಮಳೆ ನೀರು ಸಂದಿಯಿಂದ ಹರಿದು ಹೋಗ್ಬೇಕಲ್ಲ, ಇಡೀ ಗೋಡೆಗೆ ಸಿಮೆಂಟ್ ಮೆತ್ತಿದ್ರೆ ಹಿಂದೆ ನೀರು ನಿಂತು ಹೊಟ್ಟೆ ಬಿಡುತ್ತೆ. ಹ್ಯಾಲಿಫ್ಯಾಕ್ಸಿನ ಗೋಡೆಗೆ ಸ್ಟೀಲ್ ಪಿನ್ನು, ಸುಣ್ಣದ ಗಾರೆ. ಇಲ್ಲಿನ ಮರಳುಗಲ್ಲಿಗೆ ಗಟ್ಟಿ ಸಿಮೆಂಟ್ ಹಾಕಿದ್ರೆ ನೀರು ಕಲ್ಲೊಳಗೇ ಉಳಿದು ಚಳಿಗೆ ಪದರ ಪದರ ಕಳಚುತ್ತೆ. ಸ್ಮಾರ್ಟ್‌ವಾಟರ್ ವಿಷಯ ಹೇಳಿದ್ದಕ್ಕೆ ದುರ್ಗದ ಮೇಸ್ತ್ರಿ ಪ್ರತಿ ಕಲ್ಲಿನ ಒಳಮುಖಕ್ಕೆ ಉಳಿಲಿ ಒಂದೊಂದು ಸಣ್ಣ ಗುರುತು ಹೊಡೆದು ಕೊಟ್ರು, ನಾನು ಫೋಟೋ ತೆಗೆದಿಟ್ಕೊಂಡಿದೀನಿ. ಸುಲಭಕ್ಕೆ ಅಳಿಸೋಕಾಗಲ್ಲ.

ಇಷ್ಟಾದ್ರೂ ನನ್ನ ಚಿಂತೆ ಇರೋದು ಕೊಳ್ಳೋರ ಬಗ್ಗೆನೇ. ಈಗ ಫಾರ್ಮ್‌ಹೌಸು, ರೆಸಾರ್ಟು, ಹೋಮ್‌ಸ್ಟೇ ಎಲ್ಲಾ ಕಡೆ ಹಳೇ ಕಲ್ಲು, ಹಳೇ ಕಂಬ, ಹಳೇ ಬಾಗಿಲು ಬೇಕು, ಹಳ್ಳಿ ಮನೆ ಥರ ಕಾಣ್ಬೇಕು. ಆಸೆ ತಪ್ಪಲ್ಲ, ಕೆಡವಿದ ಮನೆ ಕಲ್ಲು ಗುಂಡಿ ತುಂಬೋಕೆ ಹೋಗೋದಕ್ಕಿಂತ ಇನ್ನೊಂದು ಮನೆಗೆ ಸೇರೋದು ಎಷ್ಟೋ ಮೇಲು, ನಮ್ಮ ಗೋಡೆನೂ ಹಂಗೆ ಬಂದಿದ್ದೇ. ಆದ್ರೆ ಲಕ್ಷಗಟ್ಲೆ ಖರ್ಚು ಮಾಡೋರು ಆ ಕಲ್ಲು ಯಾವೂರದ್ದು, ಯಾರ ಮನೆ ಬಿಚ್ಚಿದ್ದು ಅಂತ ಒಂದು ಮಾತು ಕೇಳಲ್ಲ ಅಂದ್ರೆ ಹೆಂಗೆ? ನಮ್ಮಂಥ ಊರಲ್ಲಿ ಇನ್ನೂ ಹೆಚ್ಚು ಕೇಳ್ಬೇಕು, ಸುತ್ತ ಕೋಟೆ ಇದೆ, ಚಂದ್ರವಳ್ಳಿ ಇದೆ, ಹಳ್ಳಿ ಹಳ್ಳಿಲೂ ಪಾಳು ಗುಡಿ ಇದಾವೆ. ಕೇಂದ್ರದ ರಕ್ಷಣೆಲಿರೋ ಸ್ಮಾರಕದಿಂದ ಕಲ್ಲು ತೆಗೆದ್ರೆ 2 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗ್ಬೋದು. ಅಗ್ಗಕ್ಕೆ ಬಂದ ಲೋಡಿನಲ್ಲಿ ಅಂಥದ್ದೊಂದು ಸೇರಿದ್ರೆ ನಿಮ್ಮ ಮನೆ ಗೋಡೆಲೇ ಕೂತಿರುತ್ತೆ.

ನಮ್ಮ ಚಿಕ್ಕಪ್ಪನ ಮಗ ತುರುವನೂರು ರೋಡ್ ಕಡೆ ಮನೆ ಕಟ್ಟಿಸ್ತಿದಾನೆ, ಮುಂದಿನ ಗೋಡೆಗೆ ಹಳೇ ಕಲ್ಲೇ ಬೇಕು ಅಂತಿದ್ದ. ನಾನು ಹೇಳಿದ್ದಕ್ಕೆ ಕಲ್ಲು ತಂದ್ಕೊಡ್ತೀನಿ ಅಂದೋನ ಹತ್ರ ಬಿಲ್ ಕೇಳ್ದ, ಬಿಲ್ಲಲ್ಲಿ ಮನೆ ಬಿಚ್ಚಿದ ಊರು, ಮನೆಯೋರ ಹೆಸರು ಫೋನ್ ನಂಬರು, ಗಾಡಿ ನಂಬರು ಬರೀಬೇಕು, ದುಡ್ಡು ಫೋನ್‌ಪೇನಲ್ಲೇ ಹಾಕ್ತೀನಿ ಅಂದ. ನಾಳೆ ಲೋಡ್ ಕಳಿಸ್ತೀನಿ ಅಂದಿದ್ದೋನು ಆಮೇಲೆ ಫೋನೇ ಎತ್ತಲಿಲ್ಲ. ಹಿರಿಯೂರು ಕಡೆ ಒಬ್ಬರು ಅವರಪ್ಪನ ಮನೆ ಬಿಚ್ಚಿಸ್ತಿದ್ರು, ಇವನೇ ಹೋಗಿ ಗೋಡೆ ನಿಂತಿದ್ದಾಗಲೇ ನೋಡಿ, ಅವರ ಹತ್ರನೇ ಬರೆಸ್ಕೊಂಡು ತಂದ, ರೇಟು ಸ್ವಲ್ಪ ಜಾಸ್ತಿ ಬಿತ್ತು, ಕೊಟ್ಟ.