ಮ್ಯಾಜಿಕ್ ಕಾರ್ಡ್‌ಗಳ ಹಳೇ ಚಿತ್ರಗಳೇ ನನಗಿಷ್ಟ, ಏನೀಗ?

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುವ ಹೊಸ ಹುಡುಗರಿಗೆ 1993ರ ಕಾರ್ಡ್‌ಗಳನ್ನು ತೋರಿಸಿದರೆ ನಗುತ್ತಾರೆ. ಕೈಕಾಲಿನ ಅಳತೆ ಸರಿಯಿಲ್ಲವಂತೆ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವಂತೆ. ಸಂಬಂಧ ಇಲ್ಲ, ನಿಜ. ನನಗೆ ಬೇಕಾಗಿರುವುದೂ ಅದೇ!

ಆಗ ಈ ಆಟ ಹೊರತಂದ ವಿಝರ್ಡ್ಸ್ ಆಫ್ ದ ಕೋಸ್ಟ್ ಪುಟ್ಟ ಕಂಪನಿ, ಕೈಯಲ್ಲಿ ದುಡ್ಡಿಲ್ಲ. ಆರ್ಟ್ ಡೈರೆಕ್ಟರ್ ಜೆಸ್ಪರ್ ಮಿರ್ಫೋರ್ಸ್ ಸಿಯಾಟಲ್‌ನ ಕಾರ್ನಿಶ್ ಕಲಾಶಾಲೆಯಲ್ಲಿ ಓದಿದವರು, ತಮಗೆ ಗೊತ್ತಿದ್ದ ಚಿತ್ರಕಾರರನ್ನೇ ಎಳೆದು ತಂದರು. ಒಬ್ಬೊಬ್ಬರದು ಒಂದೊಂದು ಕೈ. ಡ್ರೂ ಟಕರ್ ಅವರ ಚಿತ್ರ ಮಸುಕು ಮಸುಕು, ಕ್ರಿಸ್ಟೋಫರ್ ರಶ್ ಅವರದು ಕಣ್ಣಿಗೆ ಹೊಡೆಯುವ ಹಾಗೆ. ಇನ್ನು 'ಸ್ಟೇಸಿಸ್' ಅನ್ನೋ ಕಾರ್ಡ್‌ನ ಚಿತ್ರ ಬರೆದ ಫೇ ಜೋನ್ಸ್, ಆಟ ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಅವರ ಸಂಬಂಧಿ, ಗ್ಯಾಲರಿಗಳಿಗೆ ಚಿತ್ರ ಬರೆಯುವವರು. ಡ್ರ್ಯಾಗನ್, ರಾಕ್ಷಸರ ಗುಂಪಲ್ಲಿ ಆ ಕಾರ್ಡ್ ದಾರಿ ತಪ್ಪಿ ಬಂದ ಹಾಗೆ ಕೂತಿದೆ. ಒಮ್ಮೆ ನೋಡಿದವರು ಮರೆಯಲ್ಲ.

ನನಗೆ ತುಂಬಾ ಇಷ್ಟದ ಕಥೆ 'ಬರ್ಡ್ಸ್ ಆಫ್ ಪ್ಯಾರಡೈಸ್'ನದು. ಮಾರ್ಕ್ ಪೂಲ್ ಅವರಿಗೆ ಹೇಳಿದ್ದು 'ಟ್ರಾಪಿಕಲ್ ಐಲ್ಯಾಂಡ್' ಅನ್ನೋ ದ್ವೀಪದ ಕಾರ್ಡ್‌ಗೆ ಚಿತ್ರ ಬರೆಯಿರಿ ಅಂತ. ಅವರು ಮುಂದುಗಡೆ ಬಣ್ಣಬಣ್ಣದ ಒಂದು ಹಕ್ಕಿಯನ್ನು ಕೂರಿಸಿಬಿಟ್ಟರು. ದ್ವೀಪ ಹಿಂದೆ ಹೋಯಿತು, ಹಕ್ಕಿಯೇ ಚಿತ್ರವಾಯಿತು. ಇನ್ಯಾರಾದರೂ ಆಗಿದ್ದರೆ ತಿದ್ದಿ ಕೊಡಿ ಅಂತ ವಾಪಸ್ ಕಳಿಸುತ್ತಿದ್ದರೇನೋ. ಗಾರ್ಫೀಲ್ಡ್ ಆ ಹಕ್ಕಿಗೆಂದೇ ಹೊಸ ಕಾರ್ಡ್ ಮಾಡಿದರು, ದ್ವೀಪವನ್ನು ಮಿರ್ಫೋರ್ಸ್ ಬೇರೆಯಾಗಿ ಬರೆದರು. ಯಾವ ಬಣ್ಣದ ಮಾನಾ (ಕಾರ್ಡ್ ಆಡಲು ಬೇಕಾದ ಮಾಯಾಶಕ್ತಿ) ಬೇಕಾದರೂ ಕೊಡುವ ಆ ಹಕ್ಕಿಯನ್ನು ಜನ ಇವತ್ತಿಗೂ ಆಡುತ್ತಾರೆ.

ಈಗ ಹಾಗಲ್ಲ. ಆಟದ ಪ್ರತಿ ಕಲ್ಪನಾ ಲೋಕಕ್ಕೂ ಒಂದು ಸ್ಟೈಲ್ ಗೈಡ್. ಬಟ್ಟೆ ಹೇಗಿರಬೇಕು, ಕಟ್ಟಡ ಹೇಗಿರಬೇಕು, ಎಲ್ಲಾ ಮೊದಲೇ ತೀರ್ಮಾನ. ಈಗಿನವರ ಕೈಚಳಕ ಹಳಬರಿಗಿಂತ ಜಾಸ್ತಿಯೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಹತ್ತು ಕಾರ್ಡ್ ಹರಡಿ, ಇದು ಯಾರು ಬರೆದದ್ದು ಅಂತ ಕೇಳಿದರೆ ಕೆಳಗಿನ ಹೆಸರು ಓದದೆ ಹೇಳುವುದು ಕಷ್ಟ.

ಇದು ಬರೀ ಅಂದಚಂದದ ಮಾತಲ್ಲ. ಎದುರಿಗೆ ಕೂತವರ ಕಾರ್ಡ್ ನಮಗೆ ತಲೆಕೆಳಗಾಗಿ ಕಾಣುತ್ತೆ, ಅಕ್ಷರ ಓದಲಾಗಲ್ಲ, ಚಿತ್ರದಿಂದಲೇ ಗುರುತು ಹಿಡಿಯಬೇಕು. ಈಗ ಒಂದೇ ಕಾರ್ಡ್‌ಗೆ ಹಲವು ಚಿತ್ರ, ಹಲವು ಚೌಕಟ್ಟು, ಮೇಲೆ ಹೊಳೆಯುವ ಫಾಯಿಲ್ ಬೇರೆ. ಆಟದ ಮಧ್ಯೆ "ಇದ್ಯಾವುದು ಮಾರಾಯಾ?" ಅಂತ ಕೇಳಬೇಕು.

2024ರ ಜನವರಿಯಲ್ಲಿ ಇದೇ ಕಂಪನಿ ಒಂದು ಜಾಹೀರಾತು ಹಾಕಿ, ಚಿತ್ರ ಮನುಷ್ಯರೇ ಮಾಡಿದ್ದು ಅಂತ ವಾದಿಸಿ, ಆಮೇಲೆ ಅದರಲ್ಲಿ ಎಐ ತುಣುಕು ಸೇರಿದೆ ಅಂತ ಒಪ್ಪಿಕೊಂಡಿತು. ಎಲ್ಲವೂ ಒಂದೇ ಥರ ನುಣ್ಣಗೆ ಕಾಣಬೇಕು ಅಂತ ಇಷ್ಟು ವರ್ಷ ರೂಢಿ ಮಾಡಿಸಿದ ಮೇಲೆ ವ್ಯತ್ಯಾಸ ಅವರಿಗೇ ಗೊತ್ತಾಗದಿದ್ದರೆ ಆಶ್ಚರ್ಯ ಏನು, ಅಲ್ವಾ?