ಆಮ್ಲಜನಕಕ್ಕೆ ಹೋದ ಮಾರ್ಕು

ಭಾನುವಾರ ಬೆಳಿಗ್ಗೆ ಮೂರನೇ ದೋಸೆ ಕಾವಲಿಯ ಮೇಲಿದ್ದಾಗ ಒಲೆ ಆರಿಹೋಯಿತು. “ಗ್ಯಾಸ್ ಮುಗೀತು” ಎಂದು ಗೊಣಗಿದೆ. ವಿಜ್ಞಾನದ ಪುಸ್ತಕ ಹರವಿಕೊಂಡು ದೋಸೆಗೆ ಕಾಯುತ್ತಿದ್ದ ತಮ್ಮನ ಮಗಳು ತಲೆ ಎತ್ತದೆ ಹೇಳಿದಳು: “ಗ್ಯಾಸ್ ಅಲ್ಲ ದೊಡ್ಡಪ್ಪ, ಮುಗಿದಿದ್ದು ದ್ರವ.”

ಮಾತು ಸರಿಯೇ. 14.2 ಕೆ.ಜಿ. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ಕೂತಿರುವುದು ಹೆಚ್ಚಾಗಿ ದ್ರವ. ಆದರೆ ಹಸಿದವನ ಮುಂದೆ ಹೇಳುವ ಮಾತಾ ಅದು? “ದ್ರವ ಮುಗಿದಿದೆ, ಕಳಿಸಿ” ಎಂದು ಏಜೆನ್ಸಿಗೆ ಫೋನ್ ಮಾಡಿದರೆ ಏನು ತಿಳಿದುಕೊಂಡಾರು?

ಸಿಟ್ಟಿಗೆ ಕಾರಣ ದೋಸೆ ಮಾತ್ರ ಅಲ್ಲ. ಅವಳ ಪುಸ್ತಕದಲ್ಲಿ ‘ಆಮ್ಲಜನಕ’ ಎಂಬ ಪದ ಕಣ್ಣಿಗೆ ಬಿದ್ದಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗಿನ ಮಾತು. ಎಲ್ಲ ಆಮ್ಲಗಳಲ್ಲೂ ಇರುವ ಧಾತು ಯಾವುದು ಎಂಬ ಪ್ರಶ್ನೆ ಬಂತು. ಆಮ್ಲಜನಕ ಎಂದು ಬರೆದೆ. ಕೆಂಪು ಶಾಯಿಯಲ್ಲಿ ಒಂದು ಸೊನ್ನೆ. ಸರಿಯುತ್ತರ ಜಲಜನಕವಂತೆ. “ಸಾರ್, ಆಮ್ಲದ ಜನಕ ಅಂತ ಹೆಸರಲ್ಲೇ ಇದೆಯಲ್ಲ?” ಅಂದೆ. “ಆನೇಕಲ್ಲಲ್ಲಿ ಆನೆ ಇರುತ್ತೇನೋ?” ಎಂದರು ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು. ಆನೇಕಲ್ ಇರುವುದು ಬನ್ನೇರುಘಟ್ಟದ ಕಾಡಿನ ಮಗ್ಗುಲಲ್ಲಿ, ಅಲ್ಲಿ ಆನೆಗಳಿಗೇನೂ ಬರವಿಲ್ಲ ಎಂದು ನನಗೆ ತಿಳಿಯುವಷ್ಟರಲ್ಲಿ ಮೇಷ್ಟ್ರು ರಿಟೈರ್ ಆಗಿದ್ದರು.

ನನ್ನ ಹಾಗೇ ತಪ್ಪಿದವರು ಇನ್ನೊಬ್ಬರಿದ್ದರು ಎಂಬುದೂ ಆಮೇಲೆ ತಿಳಿಯಿತು. ಫ್ರಾನ್ಸಿನ ಲಾವಾಸಿಯೆ. ಆಮ್ಲ ಆಗುವುದೇ ಈ ಅನಿಲದಿಂದ ಎಂದು ನಂಬಿ, ಗ್ರೀಕ್ ಮಾತುಗಳನ್ನು ಜೋಡಿಸಿ ಆಕ್ಸಿಜನ್ ಎಂದು ಕರೆದವರು ಅವರೇ. 1794ರಲ್ಲಿ, ಕ್ರಾಂತಿಯ ಗಲಾಟೆಯಲ್ಲಿ, ಅವರ ತಲೆಯೇ ಹೋಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನಿನ ಸುಳಿವೇ ಇಲ್ಲ ಎಂದು ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ್ದು 1810ರ ಹೊತ್ತಿಗೆ. ಅಲ್ಲಿಗೆ ತಪ್ಪು ಬಯಲಾಯಿತು. ಹೆಸರು ಮಾತ್ರ ಕದಲಲಿಲ್ಲ. ನಮ್ಮವರು ಆ ತಪ್ಪನ್ನೇ ಜೋಪಾನವಾಗಿ ಎತ್ತಿಕೊಂಡು ಬಂದು ಸಂಸ್ಕೃತದ ಅಂಗಿ ತೊಡಿಸಿ ಪಾಠಪುಸ್ತಕದಲ್ಲಿ ಕೂರಿಸಿದರು. ಲಾವಾಸಿಯೆ ರಸಾಯನಶಾಸ್ತ್ರದ ಪಿತಾಮಹ. ಅದೇ ತಪ್ಪಿಗೆ ನನಗೆ ಸೊನ್ನೆ. ನ್ಯಾಯಾನಾ ಇದು?

ಇಷ್ಟನ್ನೂ ಅವಳಿಗೆ ಬಿಡಿಸಿ ಹೇಳಿದೆ. ಕೊನೆಗೆ ಪದಗಳ ಬಗ್ಗೆ ಒಂದು ತೂಕದ ಮಾತು ಹೇಳಬೇಕೆಂದಿದ್ದೆ. ನಾಲಿಗೆಯ ತುದಿಗೇ ಬಂದಿತ್ತು.

“ಒಂದು ಮಾರ್ಕಿಗಾ ದೊಡ್ಡಪ್ಪ?” ಅಂದಳು.

ಕಾವಲಿಯ ಕಡೆ ತಿರುಗಿದೆ. ದೋಸೆಯ ಅಂಚು ಗರಿಗರಿ, ನಡುವೆ ಇನ್ನೂ ಹಿಟ್ಟು. ಇದು ಘನವೋ ದ್ರವವೋ ಹೇಳು ನೋಡೋಣ ಎಂದು ಕೇಳಬಹುದಿತ್ತು. ಸುಮ್ನೆ ಯಾಕೆ, ಉತ್ತರ ಗೊತ್ತಿರುತ್ತೆ ಅವಳಿಗೆ.