‘ಭಯಪಡಬೇಡ’ ಎಂಬ ಮಾತು 365 ಬಾರಿ ಇದೆಯೇ?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ‘ಭಯಪಡಬೇಡ’ ಎಂಬ ಮಾತು ದಿನಕ್ಕೊಂದರಂತೆ ಸರಿಯಾಗಿ 365 ಬಾರಿ ಬಂದಿದೆ ಎನ್ನುವ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಈ ಲೆಕ್ಕ ಸರಿಯಲ್ಲ. ಯಾವುದೇ ಸತ್ಯವೇದ ಆ್ಯಪ್‌ನಲ್ಲಿ ‘ಭಯಪಡಬೇಡ’, ‘ಹೆದರಬೇಡ’, ‘ಅಂಜಬೇಡಿರಿ’ ಎಂಬ ರೂಪಗಳನ್ನು ಒಂದೊಂದಾಗಿ ಹುಡುಕಿ ಎಣಿಸಿದರೆ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆಯಿರುವುದು ಯಾರಿಗಾದರೂ ತಿಳಿಯುತ್ತದೆ. ಸಿಕ್ಕ ವಚನಗಳೆಲ್ಲವೂ ದೇವರು ನುಡಿದವೂ ಅಲ್ಲ, ಆದಿಕಾಂಡ 35:17ರಲ್ಲಿ ಹೆರಿಗೆಯ ಸಂಕಟದಲ್ಲಿದ್ದ ರಾಹೇಲಳಿಗೆ ಹಾಗೆ ಹೇಳುವವಳು ಸೂಲಗಿತ್ತಿ.

ಈ ಸಂದೇಶವನ್ನು ಕಳುಹಿಸುವವರು ಸಾಂತ್ವನ ಹಂಚಲೆಂದೇ ಕಳುಹಿಸುತ್ತಾರೆ. ಆ ಸಾಂತ್ವನಕ್ಕೆ ಲೆಕ್ಕದ ಆಸರೆ ಬೇಕಿಲ್ಲ. ‘ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ’ ಎನ್ನುವ ಯೆಶಾಯ 41:10 ದೇವರು ಮೊದಲು ಇಸ್ರಾಯೇಲ್ ಜನರಿಗೆ ಹೇಳಿದ ಮಾತು. ಅದನ್ನು ಹಿಂದುಮುಂದಿನ ವಚನಗಳೊಡನೆ ಪ್ರಾರ್ಥನಾಪೂರ್ವಕವಾಗಿ ಓದುವಾಗ, ಅದೇ ದೇವರು ಪವಿತ್ರಾತ್ಮನ ಮೂಲಕ ತಮ್ಮೊಡನೆಯೂ ಮಾತಾಡುತ್ತಾನೆ ಎಂದು ಕ್ರೈಸ್ತರು ನಂಬುತ್ತಾರೆ.